ಜಗಳ ಬಿಡಿಸುತ್ತಿದ್ದ ಕರೆಪ್ಪ

ಖಾನಾಪುರದಿಂದ ಬೆಳಗಾವಿಯ ಕಾರ್ಖಾನೆ ಪ್ರದೇಶ ಉದ್ಯಮಬಾಗಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಸೀಟಿಗಾಗಿ ಜಗಳ ಹತ್ತಿದರೆ ಕಂಡಕ್ಟರ್ ಹಿಂದೆ ತಿರುಗಿ ಕರೆಪ್ಪನನ್ನು ಹುಡುಕುತ್ತಿದ್ದರು. ಕುರಿ ಕಾಯುವ ಮನೆತನದಿಂದ ಫೌಂಡ್ರಿ ಕೆಲಸಕ್ಕೆ ಬಂದ ಮನುಷ್ಯ. ಇಬ್ಬರ ನಡುವೆ ಹೋಗಿ ನಿಂತು ಒಬ್ಬನಿಗೆ ಕನ್ನಡದಲ್ಲಿ "ಸಾಕ್ ಬಿಡೋ", ಇನ್ನೊಬ್ಬನಿಗೆ ಅದನ್ನೇ ಮರಾಠಿಯಲ್ಲಿ "ಪುರೇ ರೇ" ಎನ್ನುತ್ತಿದ್ದ. ಎಷ್ಟೋ ಸಲ ಮೊದಲ ಏಟು ಅವನಿಗೇ ಬೀಳುತ್ತಿತ್ತು.

"ಮಂದಿ ಜಗಳದಾಗ ನಿಮ್ದೇನ್ ಕೆಲಸ? ಪಗಾರ ಕೊಡ್ತಾರೇನ್ ನಿಮಗ?" ಊದಿದ ಕೆನ್ನೆಗೆ ಶಾಖ ಕೊಡುತ್ತಾ ಹೆಂಡತಿ ಮಾಯಕ್ಕ ಬೈಯುತ್ತಿದ್ದಳು.

"ಪಗಾರ ಐತಲ್ಲ, ನಿನ್ನ ಬೈಗಳ."

ಕಳೆದ ಮಳೆಗಾಲದಲ್ಲಿ ಕುರಿದೊಡ್ಡಿಯ ಮುಳ್ಳುತಂತಿ ಅವನ ಕಾಲಿಗೆ ಗೀರಿತು. ಗಾಯ ಕೀವಾಗಿ ನಂಜು ರಕ್ತಕ್ಕೇರಿತು. ಬೆಳಗಾವಿಯ ಆಸ್ಪತ್ರೆಗೆ ತರುವಷ್ಟರಲ್ಲಿ ಅವನಿಗೆ ಮಾತು ನಿಂತಿತ್ತು.

ಕೆಲವು ದಿನಗಳ ಮೇಲೆ ಡಾಕ್ಟರ್ ರೂಪಾಲಿ ಮಾಯಕ್ಕನನ್ನು ಹೊರಗೆ ಕರೆದು ಕೂರಿಸಿದರು.

"ಔಷಧಕ್ಕ ನಂಜ ಇಳದೈತ್ರಿ. ಆದ್ರ ಕಿಡ್ನಿ, ಲಂಗ್ಸ ಸೋಲಾಕತ್ತಾವು."

"ನಂಜ ಇಳದಿದ್ರ ಮತ್ಯಾರ ಬಡಿಯಾಕತ್ತಾರ್ರಿ ಅವರನ್ನ?"

"ಅವರ ಸ್ವಂತ ಮೈನ ರೀ. ರೋಗದ ಕೂಡ ಬಡಿದಾಡೋ ಕಣ ರಕ್ತದಾಗ ಇರ್ತಾವು. ಅವಕ್ಕ ಸಾಕ್ ಅನ್ನೋ ಕಣಾನೂ ಇರ್ತಾವು, ಕೆಲವ. ಈ ಸಾಕ್ ಅನ್ನೋವು ಭಾಳ ಲಗೂ ಅಡ್ಡ ಬಂದ್ರ ರೋಗ ಗೆಲ್ತೈತಿ. ತಡಾ ಆತಂದ್ರ ಬಡಿದಾಡೋವು ಮನೀನ ಮುರೀತಾವು."

ಸಾಕ್ ಎನ್ನುವ ಈ ಕಣಗಳನ್ನು ವೈದ್ಯರು ನಿಯಂತ್ರಕ ಕಣಗಳು ಎನ್ನುತ್ತಾರೆ. ಮಾಯಕ್ಕನಿಗೆ ಅವಕ್ಕೆ ಬೇರೆ ಹೆಸರು ಗೊತ್ತಿತ್ತು.

"ಬಿಡಿಸಾವ್ರ ಸಾಲಲಿಲ್ಲೇನ್ರಿ? ಇವರ ಮೈಯಾಗ?"

"ಹಂಗ ಕಾಣ್ತೈತ್ರಿ."

"ಅವನ್ನ ಹೆಚ್ಚ ಮಾಡಾಕ ಔಷಧ?"

"ಇನ್ನಾ ಹುಡುಕಾಕತ್ತಾರ್ರಿ."

ಮರುದಿನ ಕರೆಪ್ಪ ತೀರಿಕೊಂಡ.

ಖಾನಾಪುರದಲ್ಲಿ ಹೆಣ ಎತ್ತುವ ಹೊತ್ತಿಗೆ ಅವನ ಅಣ್ಣ ಹಣಮಪ್ಪ ಮಾಯಕ್ಕನ ತಮ್ಮ ಬೀರೇಶನ ಅಂಗಿ ಹಿಡಿದ. "ಬಾಜು ಮನ್ಯಾಗ ಇದ್ದಿ. ಲಗೂ ದವಾಖಾನಿಗೆ ಯಾಕ ಒಯ್ಲಿಲ್ಲೋ?"

"ನೀ ಎಲ್ಲಿ ಸತ್ತಿದ್ದಿ?" ಬೀರೇಶನೂ ಕೈ ಎತ್ತಿದ.

ನಡುವೆ ಯಾರೂ ಬರಲಿಲ್ಲ. ಬಸ್ಸಿನ ಸಂಗಾತಿಗಳು ರೂಢಿಯಂತೆ ಕರೆಪ್ಪನಿಗಾಗಿ ಹಿಂದೆ ತಿರುಗಿ ನೋಡಿದರು, ಆಮೇಲೆ ನೆಲ ನೋಡಿದರು.

ಗಂಡನ ಕಾಲ ಬಳಿ ಕೂತಿದ್ದ ಮಾಯಕ್ಕ ಎದ್ದು ಇಬ್ಬರ ನಡುವೆ ಹೋಗಿ ನಿಂತಳು. "ಸಾಕ್ ಬಿಡ್ರೋ" ಎನ್ನುವಷ್ಟರಲ್ಲಿ ಹಣಮಪ್ಪ ಬೀಸಿದ ಕೈ ಅವಳ ಕೆನ್ನೆಗೆ ಬಿತ್ತು.