ದೇವರ ಜಗುಲಿ ಸೇರಿದ ಹೆಸರಿಲ್ಲದ ಹೂವು

ಜಗತ್ತಿನಲ್ಲಿ ಇನ್ನೂ ಯಾರೂ ಹೆಸರಿಡದ ಒಂದು ಹೂವನ್ನು ನಾನು ಕಿತ್ತುಬಿಟ್ಟೆ. ಯಾರೂ ಒತ್ತಾಯ ಮಾಡಿರಲಿಲ್ಲ. ಬೆಳಗಿನ ವಾಕಿಂಗ್‌ನಲ್ಲಿ, ಪೂರ್ತಿ ಎಚ್ಚರದಲ್ಲಿ ಕಿತ್ತೆ.

ಹೂವು ನಮ್ಮ ಸಂಡೂರಿನ ಗುಡ್ಡದ್ದು. ಕಂಡುಹಿಡಿದವರು ನನಗೆ ಬಾಟನಿ ಕಲಿಸಿದ ಸುಮಂಗಲಾ ಮೇಡಂ. (ನಾನು ಅವರಿಂದ ಕಲಿತದ್ದು ಅವರ ದನಿ ಮಾತ್ರ. ಅವರಂತೆ ಕನ್ನಡಕ ಮೇಲೇರಿಸಿದ ಹಾಗೆ ಮಾಡಿ 'ಗಮನಿಸ್ರಿ' ಅಂದೆನೆಂದರೆ ಅವರ ಯಜಮಾನರೂ ಓಗೊಡಬೇಕು.)

ಹೊಸ ಗಿಡ ಸಿಕ್ಕರೆ ಫೋಟೊ ಹಾಕಿ ಹೆಸರಿಟ್ಟರಾಯಿತು ಅಂದುಕೊಂಡಿದ್ದೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಎಲೆ, ಹೂವು, ಕಾಯಿ, ಬೀಜ ಎಲ್ಲವನ್ನೂ ವರ್ಣಿಸಬೇಕಂತೆ. ಮೇಡಂ ಎಲೆ, ಹೂವು ಮುಗಿಸಿದ್ದರು. ಅಷ್ಟರಲ್ಲಿ ಉಳಿದ ಗಿಡಗಳನ್ನು ಆಡುಗಳು ಮೇಯ್ದಿದ್ದವು. ಕೊನೆಗೆ ಉಳಿದದ್ದು ಒಂದೇ ಗಿಡ, ಒಂದೇ ಹೂವು. ಅದು ಕಾಯಿ ಕಚ್ಚಬೇಕಿತ್ತು. ಅವರಿರುವುದು ಹೊಸಪೇಟೆಯಲ್ಲಿ, ನನ್ನ ಮನೆ ಗುಡ್ಡದ ಬುಡದಲ್ಲಿ. ದಿನಾ ಹೋಗಿ ನೋಡಿ ಫೋನ್ ಮಾಡು ಅಂದರು.

"ಸುಮ್ನ ನೋಡು ತಮ್ಮ. ಮುಟ್ಟಬ್ಯಾಡ."

ನಮ್ಮ ಜನರ ಕೈ ನಿಮಗೆ ಗೊತ್ತಲ್ಲ? ಬೆಳಿಗ್ಗೆ ಯಾರದೇ ಕಾಂಪೌಂಡಿನಿಂದ ಒಂದು ಟೊಂಗೆ ಹೊರಗೆ ಬಾಗಿದರೂ 'ಪೂಜೆಗೆ' ಅಂತ ಕೈ ತಾನೇ ಮೇಲೇಳುತ್ತದೆ. ಅಂದು ಶ್ರಾವಣ ಸೋಮವಾರ ಬೇರೆ. ಯಾವ ದೇವರಿಗೂ ಏರದ ಹೂವು, ಮೊದಲು ನಮ್ಮ ಮನೆಯ ಲಿಂಗಕ್ಕೇ ಏರಲಿ ಅನ್ನಿಸಿತು. ಒಂದು ಹೂವಿನಿಂದ ಏನಾಗುತ್ತದೆ? (ಆ ಒಂದರಿಂದಲೇ ಎಲ್ಲ ಅಂತ ಮೇಡಂ ಹೇಳಿದ್ದರು. ನನಗೆ ಅರ್ಥವೂ ಆಗಿತ್ತು.)

ಮನೆಗೆ ಬಂದು ಅವ್ವನ ಮುಂದೆ ಇಲ್ಲದ ಕನ್ನಡಕ ಏರಿಸಿದೆ. ಮೇಡಂ ದನಿಯಲ್ಲಿ ಎಸಳು, ಕೇಸರ, ನೇರಳೆ ತುದಿ ಎಲ್ಲ ಪಾಠ ಮಾಡಿದೆ. ಅವ್ವ ನಗುತ್ತಲೇ ಹೂವನ್ನು ಲಿಂಗದ ಮೇಲಿಟ್ಟಳು.

ಮಧ್ಯಾಹ್ನ ಮೇಡಂ ಫೋನ್ ಬಂತು. ಎತ್ತಲಿಲ್ಲ. ಮತ್ತೆ ಬಂತು. ಎತ್ತಲಿಲ್ಲ. ಆಡು ತಿಂತು ಅಂತ ಹೇಳಿಬಿಡಲು ದನಿ ಸಿದ್ಧಮಾಡಿಕೊಂಡೆ.

ಮರುದಿನ ಸಂಜೆ ಬಾಗಿಲಲ್ಲಿ ಮೇಡಂ ಅವರೇ. ಕೈಯಲ್ಲಿ ಬ್ರೆಡ್ ಪ್ಯಾಕೆಟ್. ಹುಡುಗನಿಗೆ ಜ್ವರ ಬಂದಿರಬೇಕು, ಅದಕ್ಕೇ ಫೋನ್ ಎತ್ತುತ್ತಿಲ್ಲ ಅಂತ ಬಸ್ ಹತ್ತಿ ಬಂದಿದ್ದರು.

ಆಡಿನ ಕಥೆ ನನ್ನ ಬಾಯಿಂದ ಹೊರಡುವ ಮೊದಲೇ ಅವ್ವ ಖುಷಿಯಿಂದ ಶುರುಮಾಡಿದಳು: "ನಿಮ್ಮ ಹೂವು ದೇವ್ರ ಮ್ಯಾಲೆ ಭಾಳ ಚಲೋ ಕಾಣ್ತಿತ್ರಿ. ಇವ ಥೇಟ್ ನಿಮ್ಮಂಗ ಮಾತಾಡಿ ನಗಿಸಿದ."

ಮೇಡಂ ಜಗುಲಿಯತ್ತ ನೋಡಿದರು. ಬಾಡಿ ಬಣ್ಣಗೆಟ್ಟ ಹೂವು ಅಲ್ಲೇ ಇತ್ತು. ಬೈಯಲಿಲ್ಲ. ಬೈದಿದ್ದರೆ ಅದನ್ನೂ ಮಿಮಿಕ್ರಿ ಮಾಡಿ ಬದುಕಿಕೊಳ್ಳುತ್ತಿದ್ದೆ. ಗಿಡದ ಬೇರಾದರೂ ಉಳಿದಿದೆಯಾ ಅಂತ ಕೇಳಿದರು. ಉಳಿದಿದೆ ಅಂದೆ. ಹಾಗಾದರೆ ಮುಂದಿನ ಮಳೆಗಾಲದವರೆಗೆ ಕಾಯಬೇಕು ಅಂದರು, ಅದೂ ಆಡು ಬಿಟ್ಟರೆ. ಬ್ರೆಡ್ಡನ್ನು ಅವ್ವನ ಕೈಗಿತ್ತು ಚಪ್ಪಲಿ ಮೆಟ್ಟಿದರು.

ಮುಂದಿನ ಸಲ ನಾನೇ ಕಾಯ್ತೀನಿ ಮೇಡಂ ಅಂದೆ, ನನ್ನ ಸ್ವಂತ ದನಿಯಲ್ಲಿ. ಅದು ಹೊರಗೆ ಬರಲು ಕಷ್ಟಪಟ್ಟಿತು.

ಮೇಡಂ ಕನ್ನಡಕ ಮೇಲೇರಿಸಿದರು.

"ನನ್ನಂಗ ಮಾತಾಡೋದು ಚಲೋ ಕಲ್ತಿ ತಮ್ಮ. ನನ್ನಂಗ ಸುಮ್ನ ನೋಡೋದು ಯಾವಾಗ ಕಲೀತಿ?"