ತಳದ ಅನ್ನಕ್ಕೆ ನಾಚಿದವನು

ಅವನ ಬಿಳಿ ಏಪ್ರನ್ನಿನ ಮೇಲೆ ಇಸ್ತ್ರಿಯ ಗೆರೆ ಕತ್ತಿಯ ಅಲಗಿನ ಹಾಗೆ ನಿಂತಿರುತ್ತಿತ್ತು. ಎದೆಯ ಮೇಲೆ ಅರಿಶಿನದ ಕಲೆ ಇಲ್ಲ, ಹೊಟ್ಟೆಯ ಮೇಲೆ ಎಣ್ಣೆಯ ಚುಕ್ಕಿ ಇಲ್ಲ. ನೆನಪಿಡಿ: ಕಲೆಯಿಲ್ಲದ ಏಪ್ರನ್ ಕಟ್ಟುವ ಅಡುಗೆಯವನ ಜೊತೆ ಪಾಲುದಾರಿಕೆಗೆ ಇಳಿಯಬೇಡಿ.

ಅವನು ಉಡುಪಿ ಕಡೆಯ ಕ್ಯಾಥೊಲಿಕ್. ಪ್ರವಾಸಿ ಹಡಗಿನ ಅಡುಗೆಮನೆಯಲ್ಲಿ ಡೊಮಿನಿಕನ್ ಬಾಣಸಿಗರ ಪಕ್ಕ ವರ್ಷಗಟ್ಟಲೆ ನಿಂತು, ಅವರ ದೇಶದ ಅಡುಗೆ ಕಲಿತು ದೋಹಾಕ್ಕೆ ಬಂದಿದ್ದ. ನಾನು ತರಕಾರಿ ವ್ಯಾಪಾರದಿಂದ ಮೇಲೆ ಬಂದ ಬ್ಯಾರಿ. ಅಲ್ ಮುಂತಜಾದ ಹಳೇ ಬಿಲ್ಡಿಂಗೊಂದರ ಕೆಳಗೆ ಇಬ್ಬರೂ ಸೇರಿ ಹೋಟೆಲ್ ತೆರೆದೆವು. ಅಡುಗೆ ಅವನದ್ದು, ಸಾಮಾನು ನನ್ನದು.

ಕೈ ಒಳ್ಳೆಯದಿತ್ತು, ಸುಳ್ಳು ಹೇಳುವುದಿಲ್ಲ. ಕಾಯಿಬಾಳೆ ಬೇಯಿಸಿ, ಬೆಣ್ಣೆ ಹಾಕಿ ಜಜ್ಜಿ, ಮೇಲೆ ವಿನೆಗರಿನಲ್ಲಿ ಬಾಡಿಸಿದ ಈರುಳ್ಳಿ ಹರಡಿದರೆ ಅದು ಡೊಮಿನಿಕನ್ನರ ಬೆಳಗಿನ 'ಮಂಗೂ'. ಜೊತೆಗೆ ಕರಿದ ಚೀಸ್, ದನದ ಮಾಂಸದ ಸಲಾಮಿ, ಮೊಟ್ಟೆ. ಈ ಮೂರನ್ನು ಅವರು ಕರೆಯುವುದೇ 'ಮೂರು ಏಟು' ಅಂತ. ಅನ್ನ, ಕೆಂಪು ಬೀನ್ಸ್, ಮಾಂಸದ ಮಧ್ಯಾಹ್ನದೂಟಕ್ಕೆ 'ಬಾವುಟ'. ಎಂಥಾ ಹೆಸರುಗಳು! ಬೋರ್ಡಿನಲ್ಲಿ ಬರೆದರೆ ಅರ್ಧ ವ್ಯಾಪಾರ ಆದ ಹಾಗೆ. ಈ ಮಹಾನುಭಾವ ಎಂತ ಬರೆದ? 'ಟ್ರಾಪಿಕಲ್ ಪ್ಲಾಂಟೇನ್ ಪ್ಯೂರಿ'. 'ಐಲ್ಯಾಂಡ್ ಬ್ರೇಕ್‌ಫಾಸ್ಟ್ ಟ್ರಯೋ'.

“'ಮೂರು ಏಟು' ಅಂತ ಬರಿ ಮಾರಾಯಾ. ಎಂತದು ಅಂತ ಕೇಳ್ಲಿಕ್ಕಾದ್ರೂ ಜನ ಒಳಗೆ ಬರ್ತಾರೆ.”

“ಅದು ಹಡಗಿನ ಕೆಳಗಿನ ಡೆಕ್ಕಿನ ಕೂಲಿಯವರ ಮಾತು ಬ್ಯಾರಿಗಳೇ. ನಮ್ಮೂರವರು ನೋಡಿದ್ರೆ ಮರ್ಯಾದೆ ಉಳಿಯುದಿಲ್ಲ.”

ಯಾರು ಈ ಊರವರು? ಅವನ ಪರಿಚಯದ ಆಫೀಸಿನ ಜನ. ಬಂದದ್ದು ಉದ್ಘಾಟನೆಯ ದಿನ ಮಾತ್ರ. ಪುಕ್ಕಟೆ ಜ್ಯೂಸ್ ಕುಡಿದು, ಫೋಟೋ ತೆಗೆಸಿಕೊಂಡು ಹೋದರು. ಬಾರದ ಗಿರಾಕಿಗೆ ಹೆದರಿ ಬಂದ ಗಿರಾಕಿಯನ್ನು ಮರೆಯುವವನು ಹೋಟೆಲ್ ಇಡಬಾರದು, ಲಾಂಡ್ರಿ ಇಡಬೇಕು.

ಮೇಜುಗಳು ಖಾಲಿ ಹೊಡೆಯುತ್ತಿದ್ದವು. ಈದಿನೊಳಗೆ ವ್ಯಾಪಾರ ಹಿಡಿಯದಿದ್ದರೆ ಖಲಾಸ್, ಬೀಗ ಹಾಕುವುದೇ ಅಂತ ಇಬ್ಬರೂ ತೀರ್ಮಾನಿಸಿದೆವು. ಆಗ ಬಂದಳು ಐನ್ ಖಾಲಿದ್ ಬಡಾವಣೆಯ ಒಬ್ಬ ಡೊಮಿನಿಕನ್ ಹೆಂಗಸು. ಮಂಗೂ ತಿಂದು ಕಣ್ಣೊರೆಸಿಕೊಂಡಳು. “ಶುಕ್ರವಾರ ನಮ್ಮ ಜನರನ್ನೆಲ್ಲ ಕರ್ಕೊಂಡು ಬರ್ತೇನೆ. ಊಟ ಹಿಡಿಸಿದ್ರೆ ಇನ್ನು ಪ್ರತಿ ಶುಕ್ರವಾರ ಇಲ್ಲೇ” ಎಂದಳು.

ಶುಕ್ರವಾರ ಹೋಟೆಲ್ ತುಂಬಿತು. ಬಾವುಟ ಬಡಿಸಿದೆವು. ನಗು, ಗದ್ದಲ, ಎರಡೆರಡು ಸಲ ಅನ್ನ. ಕೊನೆಗೆ ಆಕೆ ತಟ್ಟೆ ಮುಂದೆ ಚಾಚಿದಳು. “ಕೊಂಕೊನ್ ಎಲ್ಲಿ?”

ಕೊಂಕೊನ್ ಅಂದರೆ ಪಾತ್ರೆಯ ತಳಕ್ಕೆ ಹಿಡಿದು, ಎಣ್ಣೆಯಲ್ಲಿ ಕೆಂಪಗೆ ಗರಿಗರಿಯಾದ ಅನ್ನ. ಅವರ ಮನೆಗಳಲ್ಲಿ ಅದಕ್ಕಾಗಿ ಜಗಳವೇ ಆಗುತ್ತದಂತೆ.

ಪಾಲುದಾರ ಎದೆ ಸೆಟೆಸಿದ. “ನಮ್ಮ ಕಿಚನ್ನಿನಲ್ಲಿ ಅನ್ನ ತಳ ಹಿಡಿಯುವುದಿಲ್ಲ ಮೇಡಂ.”

“ಹಾಗಾದ್ರೆ ನಿಮಗೆ ಅನ್ನ ಮಾಡ್ಲಿಕ್ಕೆ ಬರೋದಿಲ್ಲ!” ಎಂದು ಅವಳ ಗಂಡ ನಕ್ಕ. ಅವಳು ನಗಲಿಲ್ಲ. ತಟ್ಟೆ ಹಿಂದಕ್ಕೆಳೆದುಕೊಂಡಳು.

ಅವರು ಹೋದ ಮೇಲೆ ಒಳಗೆ ಹೋದೆ. ಫ್ರಿಜ್ಜಿನ ಹಿಂದೆ ಅಕ್ಕಿ ಚೀಲದ ಮೇಲೆ ಕೂತಿದ್ದ ಆಸಾಮಿ. ಕಾಲುಗಳ ನಡುವೆ ಅನ್ನದ ಪಾತ್ರೆ. ಸಟ್ಟುಗದಿಂದ ತಳ ಕೆರೆದು, ಕಣ್ಣು ಮುಚ್ಚಿ ಜಗಿಯುತ್ತಿದ್ದ.

“ಇದ್ದದ್ದನ್ನು ಇಲ್ಲ ಅಂದಿಯಾ!”

“ಸೀದ ಅನ್ನ ಬಡಿಸ್ತಾರೆ ಅಂತ ದೋಹಾ ಇಡೀ ಸುದ್ದಿ ಆಗ್ಬೇಕಾ?”

“ಮತ್ತೆ ನೀನು ತಿನ್ನುದು ಎಂತದು?”

“ರುಚಿ ಉಂಟಲ್ಲ” ಅಂದ, ಬಾಯಿ ತುಂಬಿಸಿಕೊಂಡೇ.

ಗೊತ್ತಿಲ್ಲದವನಿಗೆ ಹೇಳಿಕೊಡಬಹುದು. ಗೊತ್ತಿದ್ದು, ತನಗೂ ಪ್ರಾಣವಾದದ್ದನ್ನು ಬಚ್ಚಿಡುವವನಿಗೆ ಮದ್ದಿಲ್ಲ. ಮುಂದಿನ ಶುಕ್ರವಾರ ಒಂದು ನೊಣವೂ ಬರಲಿಲ್ಲ. ಈದಿಗೆ ಬೀಗ ಬಿತ್ತು, ಅವನು ಊರಿಗೆ ಹೋದ.

ಈಗ ಅಲ್ ಮನ್ಸೂರಾದಲ್ಲಿ ನನ್ನದೇ ಹೋಟೆಲ್ ಉಂಟು. ಆ ಹೆಂಗಸನ್ನು ಹುಡುಕಿ ಮತ್ತೆ ಊಟಕ್ಕೆ ಕರೆತಂದದ್ದೂ ನಾನೇ. ಆದರೆ ಮಂಗೂ, ಬೀನ್ಸ್ ಎಲ್ಲ ಅವನ ಪಕ್ಕದಲ್ಲಿ ನಿಂತು ಕಲಿತದ್ದು. ಆ ಋಣ ಇಲ್ಲ ಅನ್ನಲಾರೆ.

ಹೋದ ವರ್ಷ ಊರಿನ ಆಸ್ಪತ್ರೆಯಿಂದ ಅವನ ಫೋನ್ ಬಂತು. ಸ್ವರ ಸೋತಿತ್ತು.

“ಕೊಂಕೊನ್ ಕೊಡ್ತೀಯಂತೆ?”

“ಹೌದು. ಆದ್ರೆ ಒಮ್ಮೊಮ್ಮೆ ಕಪ್ಪಾಗ್ತದೆ ಮಾರಾಯಾ.”

“ನೀರು ಇಂಗಿದ ಮೇಲೆ ಬದಿಯಿಂದ ಎಣ್ಣೆ ಬಿಡು. ಬೆಂಕಿ ಸಣ್ಣ ಮಾಡು. ಮುಚ್ಚಳ ತೆಗೀಬೇಡ.” ಆಮೇಲೆ ಪಿಸುಗುಟ್ಟಿದ: “ನಾನು ಹೇಳಿಕೊಟ್ಟದ್ದು ಅಂತ ಯಾರಿಗೂ ಹೇಳ್ಬೇಡ.”

ಮರುವಾರ ತೀರಿಕೊಂಡ. ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ.