ತಾತನ ಎಡಮಂಡಿ ಮತ್ತು ಎರಡು ಸಾಲಿನ ಪದ್ಯ

ನಮ್ಮ ತಾತನ ಪದ್ಯಗಳು ಈಚೆಗೆ ಯಾಕೆ ಅಷ್ಟು ಚಿಕ್ಕವಾದವು ಎಂಬುದಕ್ಕೆ ಒಂದು ಸಿದ್ಧ ಉತ್ತರವಿದೆ: ಬದುಕು ಅವರನ್ನು ಮಾಗಿಸಿತು, ನೋವು ಮಾತನ್ನು ಸೋಸಿತು, ಉಳಿದದ್ದು ಎರಡೇ ಸಾಲು. ಪುಸ್ತಕ ಬಿಡುಗಡೆಯಲ್ಲಿ ಇದನ್ನು ಹೇಳಿದ ವಿಮರ್ಶಕರು ಕೊನೆಗೆ ‘ಮೌನದತ್ತ ನಡೆದ ಕವಿ’ ಎಂದರು. ಪಕ್ಕದಲ್ಲಿದ್ದ ಅಜ್ಜಿ ನನ್ನ ಕಿವಿಗೆ ಬಾಗಿ, “ಮೌನ ಅಂತೆ! ಮೆಟ್ಟಿಲು ಹತ್ತುವಾಗ ‘ಅಯ್ಯಮ್ಮಾ’ ಅನ್ನೋದು ಇವರಿಗೇನ್ ಗೊತ್ತು” ಎಂದರು.

ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದು ಒಂದೇ: ಚಂದದ ಕಾರಣ ಸಿಕ್ಕಿದ ಕೂಡಲೇ ನಂಬಬಾರದು. ನೋವು ಎಂಬ ಭಾಗವನ್ನು ಒಪ್ಪುತ್ತೇನೆ. ಎಲ್ಲಿಯ ನೋವು ಎಂದು ಮಾತ್ರ ಯಾರೂ ಕೇಳಲಿಲ್ಲ. ಎಡಮಂಡಿಯದು.

ತಾತ ಕೂತು ಬರೆಯುವವರೇ ಅಲ್ಲ. ಬಸವನಗುಡಿಯ ನಮ್ಮ ಮನೆಯ ಹಿಂದಿನ ಪಾರ್ಕಿನಲ್ಲಿ ಬೆಳಿಗ್ಗೆ ನಡೆಯುತ್ತ ಬಾಯಲ್ಲೇ ಪದ್ಯ ಕಟ್ಟುತ್ತಿದ್ದರು. ಕಾಗದ ಏನಿದ್ದರೂ ಮನೆಗೆ ಬಂದು ಕಾಫಿ ಕುಡಿದ ಮೇಲೆ. ಪಾರ್ಕಿನ ಒಂದು ಸುತ್ತಿಗೆ ಪದ್ಯದ ಒಂದು ನುಡಿ. ಚಿಕ್ಕಂದಿನಲ್ಲಿ ಅವರ ಬೆರಳು ಹಿಡಿದು ಸುತ್ತುತ್ತಿದ್ದ ನನಗೆ, ಗೇಟು ಕಂಡರೆ ನುಡಿ ಮುಗಿಯಿತೆಂದು ಗೊತ್ತಾಗುತ್ತಿತ್ತು. ಸಾವಿನ ಬಗೆಗಿನ ಅವರ ಒಂದು ಪದ್ಯದ ನಡುವೆ ಇದ್ದಕ್ಕಿದ್ದಂತೆ ಮೆಂತ್ಯದ ಸೊಪ್ಪು ಬರುತ್ತದೆ. ಅದರ ಕಹಿಯ ಅರ್ಥವನ್ನು ಒಬ್ಬರು ಪುಟಗಟ್ಟಲೆ ಬಿಡಿಸಿದ್ದಾರೆ. ನಡೆದದ್ದು ಇಷ್ಟೇ: ತಾತ ಮೂರನೇ ಸುತ್ತಿನಲ್ಲಿದ್ದಾಗ ಅಜ್ಜಿ ಗೇಟಿನಾಚೆಯಿಂದ ಕೂಗಿದ್ದರು. “ರೀ, ಬರ್ತಾ ಒಂದು ಕಟ್ಟು ಮೆಂತ್ಯ ತನ್ನಿ, ಎಳೇದು ನೋಡಿ!”

ಮಂಡಿ ಸವೆಯಿತು. ಸುತ್ತು ಅರ್ಧವಾಯಿತು, ನುಡಿ ನಾಲ್ಕು ಸಾಲಿಗೆ ಇಳಿಯಿತು. ಆಮೇಲೆ ಗೇಟಿನಿಂದ ಮೊದಲ ಕಲ್ಲುಬೆಂಚಿನವರೆಗೆ ಮಾತ್ರ ನಡಿಗೆ. ಅಷ್ಟರಲ್ಲಿ ಹುಟ್ಟುವುದು ಎರಡು ಸಾಲು. ಅದುವರೆಗೆ ಕವಿಗೋಷ್ಠಿಗಳಲ್ಲಿ ಇವರ ಸರದಿ ಬಂದರೆ ಜನ ಕಾಫಿಗೆ ಎದ್ದುಹೋಗುತ್ತಿದ್ದರು. ಈಗ ಶಾಲಿನ ಮೇಲೆ ಶಾಲು. ಆ ಸಾಲುಗಳು ನಿಜಕ್ಕೂ ಚೆನ್ನಾಗಿದ್ದವು ಎನ್ನುವುದು ನನ್ನ ವಾದಕ್ಕೆ ಸ್ವಲ್ಪ ತೊಡಕು.

ಮಂಡಿ ಬದಲಿಸಲೇಬೇಕು ಎಂದರು ಡಾಕ್ಟರು. ತಾತ ಚಳಿ ಎಂದರು, ಹಬ್ಬ ಎಂದರು, ನೆಪ ಮುಗಿದಾಗ ಸುಮ್ಮನೆ ಪೇಪರ್ ಓದಿದರು. ಸಂಜೆ ಹೊತ್ತು ತಾತನ ಜೊತೆ ಗಾಂಧಿ ಬಜಾರಿಗೆ ನಡೆದುಹೋಗಿ ಹೂವು ತರುವುದು ಅಜ್ಜಿಯ ಸುಖವಾಗಿತ್ತು. ಅದು ನಿಂತು ಎಷ್ಟೋ ಕಾಲವಾಗಿತ್ತು. “ಕಪ್ ಗೆದ್ದು ಗೆದ್ದು ಶೋಕೇಸ್ ತುಂಬ್ಸಿದೀಯಲ್ಲ, ಈ ಮನುಷ್ಯನ್ನ ಒಪ್ಪಿಸು ನೋಡೋಣ” ಎಂದು ನನ್ನನ್ನು ಕಣಕ್ಕಿಳಿಸಿದರು.

ತಾತನ ಎದುರು ಕೂತೆ. “ಹೆದರಿಕೇನಾ?”

“ಹೂಂ. ಆಪರೇಷನ್‌ಗಲ್ಲ.” ಅವರು ದನಿ ತಗ್ಗಿಸಿದರು. “ಕಾಲು ಸರಿಹೋಗಿ ಪದ್ಯ ಮತ್ತೆ ಉದ್ದ ಆಗ್ಬಿಟ್ರೆ? ಅಷ್ಟು ವರ್ಷ ಉದ್ದುದ್ದ ಬರೆದೆ, ಒಬ್ರೂ ಓದ್ಲಿಲ್ಲ ಕಣೇ.”

“ಹಾಗಿದ್ರೆ ಕವಿ ನೀವಲ್ಲ, ನಿಮ್ಮ ಮಂಡಿ. ಸನ್ಮಾನದ ಶಾಲು ಅದಕ್ಕೇ ಹೊದಿಸ್ಬೇಕು.”

“ಹೊದಿಸಿದೀನಲ್ಲ ವಕೀಲಮ್ಮ, ನೋಡು.” ತಾತ ಪಂಚೆ ಸರಿಸಿದರು. ಜರಿಯಂಚಿನ ಶಾಲೊಂದು ಮಂಡಿಯನ್ನು ಬೆಚ್ಚಗೆ ಸುತ್ತಿಕೊಂಡಿತ್ತು.

ನಗು ನಿಂತ ಮೇಲೆ ಕೊನೆಯ ಬಾಣ ಬಿಟ್ಟೆ. “ಆ ಎರಡು ಸಾಲು ನಿಮ್ಮದಾಗಿದ್ರೆ, ಎಷ್ಟು ನಡೆದ್ರೂ ಎರಡೇ ಬರತ್ತೆ. ಮಂಡೀದಾಗಿದ್ರೆ, ಅದರ ಹೊಗಳಿಕೆ ನಿಮಗ್ಯಾಕೆ? ತಿಳ್ಕೊಳ್ಳೋಕಾದ್ರೂ ನಡೀಬೇಡ್ವಾ?”

ತಾತ ಪಂಚೆಯನ್ನು ಮತ್ತೆ ಮಂಡಿಯ ಮೇಲೆ ಎಳೆದುಕೊಂಡರು. “ನಿಮ್ಮಜ್ಜಿ ಏನು ಲಂಚ ಕೊಟ್ಲು?”

“ಕೋಡುಬಳೆ.”

“ನಂಗೂ ನಾಲ್ಕು ತಾ. ಯೋಚ್ನೆ ಮಾಡ್ತೀನಿ.”

ಆಪರೇಷನ್ ಆಯಿತು. ವಾಕರ್ ಬಂತು, ಹೋಯಿತು. ಊರುಗೋಲೂ ಮೂಲೆ ಸೇರಿತು. ಮೊನ್ನೆ, ಬೆಳಿಗ್ಗೆಯ ಬದಲು ಸಂಜೆ, ತಾತ ಮತ್ತೆ ಪಾರ್ಕಿಗೆ ಹೊರಟರು, ಹಿಂದೆ ನಾನು. ತುಟಿ ಅಲ್ಲಾಡುತ್ತಿತ್ತು, ದನಿ ನನ್ನವರೆಗೆ ಬರುತ್ತಿರಲಿಲ್ಲ. ಕಲ್ಲುಬೆಂಚಿನ ಮುಂದೆ ನಿಂತರು. ಕೂರುತ್ತಾರೆ ಅಂದುಕೊಂಡೆ. ಕೂರಲಿಲ್ಲ, ದಾಟಿದರು. ತುಟಿ ಇನ್ನೂ ಅಲ್ಲಾಡುತ್ತಲೇ ಇತ್ತು. ಪೂರಾ ಒಂದು ಸುತ್ತು ಮುಗಿಸಿ ಗೇಟಿಗೆ ಬಂದರೆ ಅಜ್ಜಿ ಒಳ್ಳೆಯ ಸೀರೆಯುಟ್ಟು, ಚೀಲ ಹಿಡಿದು ಕಾಯುತ್ತಿದ್ದರು. ಇಬ್ಬರೂ ನನ್ನ ಕಡೆ ತಿರುಗಿಯೂ ನೋಡದೆ ಗಾಂಧಿ ಬಜಾರಿನ ದಿಕ್ಕು ಹಿಡಿದರು. ನಾನು ಹಿಂದಿನಿಂದ ಕೂಗಿದೆ:

“ತಾತಾ, ಬೆಂಚು ದಾಟಿದ್ಮೇಲೆ ಏನ್ ಹೇಳ್ಕೊಂಡ್ರಿ? ಅದೇ ಎರಡು ಸಾಲಾ, ಮೂರನೇದಾ?”